ಒಬ್ಬಂಟಿ ಮೇಷ್ಟರ ಬಳಗ

ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣ ಹೋಬಳಿಯಂಥ ಕಡೆ ಸರ್ಕಾರಿ ಹೈಸ್ಕೂಲೆಂದರೆ ಸಾಮಾನ್ಯವಾಗಿ ಒಬ್ಬರು ಪಿಸಿಎಂ (ಭೌತ, ರಸಾಯನ, ಗಣಿತ), ಒಬ್ಬರು ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಭಾಷೆಗಳಿಗೆ ಒಬ್ಬೊಬ್ಬರು. ಎಂಟರಿಂದ ಹತ್ತರವರೆಗಿನ ಗಣಿತ ಪೂರ್ತಿ ಒಬ್ಬರದೇ ಹೆಗಲ ಮೇಲೆ. ಥೇಲ್ಸನ ಪ್ರಮೇಯ ಮಕ್ಕಳ ತಲೆಗೆ ಹತ್ತದಿದ್ದರೆ 'ನೀವು ಹೇಗೆ ಮಾಡ್ತೀರಿ?' ಎಂದು ಕೇಳಲು ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಗಣಿತದವರಿರುವುದಿಲ್ಲ. ತರಬೇತಿ ವರ್ಷಕ್ಕೆ ಕೆಲವು ದಿನ. ಪ್ರಶ್ನೆ ಹುಟ್ಟುವುದು ಬುಧವಾರದ ಮೂರನೇ ಪಿರಿಯಡ್ಡಿನಲ್ಲಿ.

ಈ ಒಂಟಿತನವನ್ನು ಅರ್ಥಮಾಡಿಕೊಂಡು ನಮ್ಮಲ್ಲಿ ನಡೆದ ಕೆಲಸವೆಂದರೆ ವಿಷಯ ಶಿಕ್ಷಕರ ವೇದಿಕೆ. 2011ರ ಹೊತ್ತಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಶುರುಮಾಡಿದ್ದು. ಒಂದೇ ವಿಷಯ ಕಲಿಸುವವರು ಜಿಲ್ಲೆಗಳ ಗಡಿ ದಾಟಿ ಇಮೇಲಿನಲ್ಲಿ ಮಾತಾಡತೊಡಗಿದರು. 2013ರಲ್ಲಿ ಅದರ ಬೆನ್ನಿಗೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಜಾಲತಾಣ, ಮೇಷ್ಟರುಗಳ ಬಾಯಲ್ಲಿ 'ಕೋಯರ್', ಬಂತು. ವಿಕಿಪೀಡಿಯಕ್ಕೆ ಬಳಸುವ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಆಧಾರ. ಶಿಕ್ಷಕರೇ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು, ತಮ್ಮ ತರಗತಿಗೆ ಒಗ್ಗುವಂತೆ ಬದಲಿಸಬಹುದು.

ಈ ಯೋಜನೆಯಲ್ಲಿ ನಾನು ತುಂಬ ಮೆಚ್ಚುವುದು ಬಿಚ್ಚಿ ನೋಡಿ ತಿದ್ದಬಲ್ಲ ಕಡತಗಳನ್ನೇ ಹಂಚಿಕೊಳ್ಳುವ ಅದರ ಆಯ್ಕೆಯನ್ನು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದ ಕಡತ ಕೈಗೆ ಸಿಕ್ಕರೆ ತ್ರಿಭುಜದ ಮೂಲೆ ಹಿಡಿದು ಎಳೆಯಬಹುದು. ಬಾಹುಗಳು ಉದ್ದವಾಗಿ, ಗಿಡ್ಡವಾಗಿ, ಪಾದಕ್ಕೆ ಸಮಾಂತರವಾದ ರೇಖೆ ಅವನ್ನು ಕತ್ತರಿಸುವ ಅನುಪಾತಗಳು ಮಾತ್ರ ಒಂದಕ್ಕೊಂದು ಸಮವಾಗಿಯೇ ನಿಲ್ಲುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಆ ಕಡತ ಬಿಚ್ಚಿ ನೋಡಿದ ಮೇಷ್ಟರಿಗೂ ಅದನ್ನು ಕಟ್ಟಿದ ಬಗೆ ತಿಳಿಯುತ್ತದೆ. ಕಲಿಕೆಯ ಬಳಗವೆಂದರೆ ನನ್ನ ಮಟ್ಟಿಗೆ ಇದು: ಒಬ್ಬರ ಕೆಲಸದ ಒಳಗು ಇನ್ನೊಬ್ಬರಿಗೆ ಕಾಣುವುದು.

ಆದರೆ ಕೋಯರ್ ತುಂಬಲಿಲ್ಲ. ಹಲವು ಪುಟಗಳಲ್ಲಿ ಶೀರ್ಷಿಕೆಗಳಿವೆ, ಕೆಳಗೆ ಖಾಲಿ. ವಿಕಿಯ ಬರವಣಿಗೆ ಚಿಹ್ನೆಗಳು ಕಷ್ಟ ಎಂಬುದು ಒಂದು ಕಾರಣವಿರಬಹುದು. ದೊಡ್ಡ ಕಾರಣ ಅಕ್ಷರದ್ದೆಂದು ನನಗನ್ನಿಸುತ್ತದೆ. ಬಹಳಷ್ಟು ಮೇಷ್ಟರುಗಳ ಟಿಪ್ಪಣಿ, ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ 'ನುಡಿ' ಫಾಂಟಿನಲ್ಲಿದ್ದವು. ಫಾಂಟ್ ಇಲ್ಲದ ಮೊಬೈಲಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಿದರೆ ಸಿಗುವುದಿಲ್ಲ, ವಿಕಿಗೆ ನೇರವಾಗಿ ಅಂಟಿಸಲು ಬರುವುದಿಲ್ಲ. ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿದ್ದರೂ ಒತ್ತಕ್ಷರ ಕೆಟ್ಟಿತೋ ಎಂದು ಸಾಲುಸಾಲಾಗಿ ನೋಡಬೇಕು. ಉಳಿದ ಸುಲಭದ ದಾರಿ ಪಿಡಿಎಫ್.

ಹಾಗೆ ಪಿಡಿಎಫ್ ಗೆದ್ದಿತು, ಅದರ ಜೊತೆಗೆ ವಾಟ್ಸಾಪ್. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳ ವೇಳಾಪಟ್ಟಿಯಿಂದ ಹಿಡಿದು ಮಕ್ಕಳ ಹೋಂವರ್ಕಿನವರೆಗೆ ಎಲ್ಲವೂ ಅಲ್ಲೇ ಹರಿದಾಡಿತು. ಆ ದಿನಗಳಲ್ಲಿ ಅದು ಮಾಡಿದ ಉಪಕಾರ ದೊಡ್ಡದು. ಈಗ ಅದೇ ಗುಂಪುಗಳಲ್ಲಿ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ), ಪ್ರಶ್ನೆಪತ್ರಿಕೆಯ ನೀಲನಕ್ಷೆ, ಮಾದರಿ ಉತ್ತರ, ಮತ್ತೆ ಪಾಸಿಂಗ್ ಪ್ಯಾಕೇಜ್. ಇಳಿಸಿಕೊಂಡು, ಪ್ರಿಂಟ್ ತೆಗೆದು, ಹಂಚಿದರೆ ಮುಗಿಯಿತು. ತಪ್ಪಿದ್ದರೆ ತಪ್ಪೂ ತಾಲೂಕಿಡೀ ಸುತ್ತುತ್ತದೆ, ತಿದ್ದುವ ಜಾಗವೇ ಇಲ್ಲ. ಹೋದ ವರ್ಷದ ಒಳ್ಳೆಯ ಚರ್ಚೆಯೊಂದು ಈ ವರ್ಷ ಹುಡುಕಿದರೆ ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಬರೆದದ್ದು ಹೀಗೆ ಕಳೆದುಹೋಗದಂತೆ ಉಳಿಸುವ ಬಗೆ ಯೋಚಿಸುವಾಗ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಜಾರ್ಜ್ ಸೀಮೆನ್ಸ್, ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸು ನೆನಪಾಗುತ್ತದೆ. ಶುಲ್ಕ ಕಟ್ಟಿದವರು 25ರಷ್ಟು, ಅಂತರ್ಜಾಲದಿಂದ ಸುಮ್ಮನೆ ಸೇರಿದವರು 2,000ಕ್ಕೂ ಹೆಚ್ಚು. ಅಲ್ಲಿ ಕಲಿಯುವವರು ತಮ್ಮ ತಮ್ಮ ಜಾಗದಲ್ಲಿ ಬರೆದರು; ಅದನ್ನೆಲ್ಲ ಪೋಣಿಸಿ ದಿನವೂ ಎಲ್ಲರಿಗೂ ಕಳಿಸಲಾಗುತ್ತಿತ್ತು. ಬರೆದದ್ದು ಬರೆದವರ ಬಳಿಯೇ ಉಳಿಯಿತು. ನಮ್ಮ ಗುಂಪುಗಳಲ್ಲಿ ಮೇಷ್ಟರು ಬ್ಯಾಕಪ್ ಇಲ್ಲದೆ ಫೋನು ಬದಲಿಸಿದರೆ ಹಳೆಯ ಮಾತುಕತೆ ಅವರ ಕೈಯಲ್ಲಿ ಉಳಿಯುವುದಿಲ್ಲ.

ಆದರೂ ವಾಟ್ಸಾಪನ್ನು ನಾನು ತಳ್ಳಿಹಾಕಲಾರೆ. ಒಂದು ರಾತ್ರಿ, ನಿವೃತ್ತಿ ಹತ್ತಿರವಾದ ಹಿರಿಯರೊಬ್ಬರು ಗುಂಪಿನಲ್ಲಿ ಕೇಳಿದ್ದರು: 'ಸೊನ್ನೆ ಸಮಸಂಖ್ಯೆಯೇ? ಹುಡುಗಿ ಕೇಳಿದಳು, ಹೌದೆಂದೆ, ಯಾಕೆ ಅಂತ ಹೇಳಲು ತಡವರಿಸಿದೆ.' ಹತ್ತೂವರೆಯವರೆಗೆ ಉತ್ತರಗಳು ಬರುತ್ತಲೇ ಇದ್ದವು. ಎರಡರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ ಎಂದರು ಒಬ್ಬರು. ಸಂಖ್ಯಾರೇಖೆಯಲ್ಲಿ ಎರಡೆರಡು ಹೆಜ್ಜೆ ಹಿಂದಕ್ಕೆ ನಡೆಸಿ ಎಂದರು ಇನ್ನೊಬ್ಬರು. ಆ ಉತ್ತರಗಳನ್ನು ನಾನು ನೋಟ್‌ಬುಕ್ಕಿಗೆ ಬರೆದುಕೊಂಡೆ, ಪೆನ್ನಿನಲ್ಲಿ.