ಹೆಸರು ಇರಲಿ, ತೂಕ ಕೇಳಿ

ಲೇಟೆಕ್ಸ್ ಹಾಸಿಗೆ ನೋಡಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು ‘ನೂರಕ್ಕೆ ನೂರು ನ್ಯಾಚುರಲ್’. ಅದರ ಬೆನ್ನಿಗೇ ‘ಡನ್ಲಪ್’, ಬೆಲೆ ಇನ್ನೂ ಮೇಲಿದ್ದರೆ ‘ಟಲಾಲೇ’. ಮೊದಲನೆಯದು ಫೋಮ್ ಯಾವ ರಬ್ಬರ್ ಹಾಲಿನದು ಎಂದು ಹೇಳಿದರೆ, ಉಳಿದೆರಡು ಆ ಹಾಲನ್ನು ಹೆಪ್ಪುಗಟ್ಟಿಸಿದ ಬಗೆಯನ್ನು ಹೇಳುತ್ತವೆ. ಹಾಸಿಗೆಯೊಳಗೆ ಎಷ್ಟು ರಬ್ಬರ್ ಇದೆ ಎಂಬ ಮೂರನೆಯ ಪ್ರಶ್ನೆಯನ್ನು ಮಾರುವವರೂ ಎತ್ತುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಅದೇ. ಆದ್ದರಿಂದ ವಿಚಾರಣೆ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಹಾಲಿನ ವಿಷಯ ಮೊದಲು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಬೆಳಿಗ್ಗೆ ಟ್ಯಾಪಿಂಗ್ ಮಾಡಿ ಇಳಿಸುವ ಹಾಲಿನಲ್ಲಿ ರಬ್ಬರಿನ ಪಾಲು ಸುಮಾರು ಮೂರನೇ ಒಂದು ಭಾಗ, ಉಳಿದದ್ದು ಬಹುಪಾಲು ನೀರು. ಆ್ಯಸಿಡ್ ಹಾಕಿ ಶೀಟ್ ಮಾಡಿದರೆ ಅದು ಟೈರಿನ ದಾರಿ ಹಿಡಿಯುತ್ತದೆ. ಫೋಮಿಗೆ ಹಾಲು ಹಾಲಾಗಿಯೇ ಇರಬೇಕು. ಹಾಗಾಗಿ ಅಮೋನಿಯ ಬೆರೆಸಿ ಕೆಡದಂತೆ ಉಳಿಸಿ, ಯಂತ್ರದಲ್ಲಿ ರಭಸವಾಗಿ ತಿರುಗಿಸಿ, ರಬ್ಬರಿನ ಅಂಶವನ್ನು ಶೇ. 60ಕ್ಕೆ ಏರಿಸುತ್ತಾರೆ. ಇದಕ್ಕೆ ಪರ್ಯಾಯ ಪೆಟ್ರೋಲಿಯಂ ಮೂಲದ ಎಸ್‌ಬಿಆರ್ ಎಂಬ ಕೃತಕ ಲೇಟೆಕ್ಸ್. ನೈಸರ್ಗಿಕ ರಬ್ಬರನ್ನು ಎಳೆದಾಗ ಅದರ ಅಣುಸರಪಳಿಗಳು ಸಾಲುಗಟ್ಟಿ ಹರಳಿನಂತೆ ಗಟ್ಟಿಯಾಗುತ್ತವೆ. ಹಾಗಾಗಿ ಅದು ಸುಲಭಕ್ಕೆ ಹರಿಯುವುದಿಲ್ಲ. ಎಸ್‌ಬಿಆರ್‌ಗೆ ಈ ಗುಣವಿಲ್ಲ. ಹಾಗೆಂದು ಎರಡನ್ನೂ ಬೆರೆಸಿದ್ದೆಲ್ಲ ಮೋಸವೇ? ಅಲ್ಲ. ಬೆರಕೆ ಫೋಮ್ ಕೂಡ ಒಳ್ಳೆಯ ಹಾಸಿಗೆಯಾಗಬಲ್ಲದು. ಬೆರಕೆಯೆಂದು ಹೇಳಿ, ಬೆರಕೆಯ ಬೆಲೆಗೆ ಮಾರಿದರಾಯಿತು.

ಇನ್ನು ತಯಾರಿಕೆ. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್ಲಪ್ ಪ್ರಯೋಗಾಲಯದಲ್ಲಿ ಇ. ಎ. ಮರ್ಫಿ ರೂಪಿಸಿದ ವಿಧಾನ ಸರಳ: ಹಾಲನ್ನು ನೊರೆ ಬರುವಂತೆ ಕಡೆದು, ಹೆಪ್ಪುಗಟ್ಟಿಸುವ ರಾಸಾಯನಿಕ ಬೆರೆಸಿ, ಅಚ್ಚಿಗೆ ಸುರಿದು ಬೇಯಿಸುವುದು. ಗಟ್ಟಿಯಾಗುವ ಮುನ್ನ ಭಾರದ ಕಣಗಳು, ಕಲಸಿಟ್ಟ ಅಕ್ಕಿಹಿಟ್ಟು ತಳ ಹಿಡಿಯುವಂತೆ, ಕೆಳಗೆ ಇಳಿಯುತ್ತವೆ. ಆದ್ದರಿಂದ ದಪ್ಪನೆಯ ಡನ್ಲಪ್ ಫೋಮನ್ನು ಎರಡೂ ಮಗ್ಗುಲಲ್ಲಿ ಒತ್ತಿ ನೋಡಿದರೆ ಒಂದು ಕಡೆ ತುಸು ಬಿಗಿ ಎನ್ನುವುದು ಅಂಗೈಗೇ ತಿಳಿಯುತ್ತದೆ. ಟಲಾಲೇ ಸಹೋದರರ ವಿಧಾನದಲ್ಲಿ ಅಚ್ಚನ್ನು ಪೂರ್ತಿ ತುಂಬಿಸುವುದಿಲ್ಲ. ಗಾಳಿ ಎಳೆದು ನೊರೆಯನ್ನು ಅಚ್ಚಿನ ತುಂಬ ಉಬ್ಬಿಸುತ್ತಾರೆ, ಅಲ್ಲೇ ಘನೀಕರಿಸುತ್ತಾರೆ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಹೆಪ್ಪುಗಟ್ಟಿಸಿ ಆಮೇಲೆ ಕಾಯಿಸುತ್ತಾರೆ. ತಳ ಹಿಡಿಯಲು ಅವಕಾಶವೇ ಇಲ್ಲದ್ದರಿಂದ ಮೇಲೂ ಕೆಳಗೂ ಒಂದೇ ಹದ, ಕೈಗೆ ಹಗುರ, ಒತ್ತಿದರೆ ಮೃದು. ಆದರೆ ಇದನ್ನೇ ಪರೀಕ್ಷೆ ಎಂದುಕೊಂಡರೆ ತಪ್ಪುತ್ತೇವೆ. ಬೆಲ್ಟಿನ ಮೇಲೆ ತೆಳುವಾಗಿ ಹರಿಸಿ ಮಾಡಿದ ಡನ್ಲಪ್‌ನಲ್ಲಿ ಮೇಲು-ಕೆಳಗಿನ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಗಿರುತ್ತದೆ.

ಹೀಗಾಗಿ ತೂಕ. ಹಾಸಿಗೆಗೆ ಬಳಸುವ ಡನ್ಲಪ್ ಫೋಮಿನ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 65ರಿಂದ 95 ಕೆ.ಜಿ., ಟಲಾಲೇ ಅದಕ್ಕಿಂತ ಕಡಿಮೆ. ಆರು ಅಡಿ ಉದ್ದ, ಐದು ಅಡಿ ಅಗಲ, ಆರು ಇಂಚು ದಪ್ಪದ ಹಾಸಿಗೆಯ ಗಾತ್ರ ಸುಮಾರು 0.42 ಘನ ಮೀಟರ್, 80 ಕೆ.ಜಿ. ಸಾಂದ್ರತೆಯಾದರೆ ಹೊದಿಕೆ ಬಿಟ್ಟು ಫೋಮೇ 34 ಕೆ.ಜಿ. ತೂಗಬೇಕು. ‘ಪೂರ್ತಿ ಡನ್ಲಪ್’ ಎಂದು ತೋರಿಸಿದ ಅಷ್ಟೇ ಗಾತ್ರದ ಹಾಸಿಗೆಯನ್ನು ಒಬ್ಬರೇ ಸಲೀಸಾಗಿ ಎತ್ತಿ ಗೋಡೆಗೆ ಒರಗಿಸಿದರೆ ಅನುಮಾನಿಸಲೇಬೇಕು. ಒಳಗೆ ಪಾಲಿಯುರೆಥೇನ್ (ಪಿಯು) ಫೋಮ್ ಇಟ್ಟು ಮೇಲೊಂದು ಇಂಚು ಲೇಟೆಕ್ಸ್ ಹೊದಿಸಿರುವುದು ಅಪರೂಪವೇನಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಸುಣ್ಣಕಲ್ಲಿನ ಪುಡಿಯೋ ಜೇಡಿಯೋ ಬೆರೆಸಿದರೂ ತೂಕ ಬರುತ್ತದಲ್ಲ? ನಿಜ, ಅಗ್ಗದ ಫೋಮಿನಲ್ಲಿ ಅದೂ ನಡೆಯುತ್ತದೆ. ತೂಕ ಕಡಿಮೆಯಿದ್ದರೆ ಡನ್ಲಪ್ ಎಂಬ ಮಾತನ್ನು ತಳ್ಳಿಹಾಕಬಹುದು. ತೂಕ ಸರಿಯಿದ್ದ ಮಾತ್ರಕ್ಕೆ ಒಪ್ಪಿಬಿಡಲಾಗದು. ಆಗ ಮಾದರಿ ತುಂಡು ಕೇಳಿ ಅದರ ಮೂಲೆಯನ್ನು ಚಿವುಟಿ ಎಳೆಯಬೇಕು. ರಬ್ಬರ್ ತುಂಬಿದ ಫೋಮ್ ಉದ್ದಕ್ಕೆ ಹಿಗ್ಗಿ, ಬಹಳ ಹೊತ್ತು ಹಟ ಹಿಡಿದು ಆಮೇಲೆ ಹರಿಯುತ್ತದೆ. ಪುಡಿ ಹೆಚ್ಚಾದದ್ದು ಬೇಗ ತುಂಡಾಗುತ್ತದೆ, ಉಜ್ಜಿದರೆ ಬೆರಳಿಗೆ ಬಿಳಿ ಹುಡಿ ಮೆತ್ತುತ್ತದೆ. ಇನ್ನು ಬಿಗಿ ಎಂದರೆ ಸಾಂದ್ರ ಎಂದು ತಿಳಿಯುವುದೂ ಬೇಡ. ಫೋಮಿನಲ್ಲಿ ತೂತು ಉಳಿಸುವ ಅಚ್ಚಿನ ಕಡ್ಡಿಗಳು ದಪ್ಪಗಿದ್ದರೆ ತೂತು ದೊಡ್ಡದಾಗಿ, ಅದೇ ರಬ್ಬರು ಅಲ್ಲಿ ಮೆತ್ತಗಾಗುತ್ತದೆ; ಭುಜದ ಭಾಗ ಮೃದು, ಸೊಂಟದ ಭಾಗ ಬಿಗಿ ಎಂಬ ಹಾಸಿಗೆಗಳು ಹೀಗೇ ತಯಾರಾಗುವುದು.

ಆ ತೂತುಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ಅವು ಇರುವುದು ಮುಖ್ಯವಾಗಿ ಫೋಮಿನ ನಡುಭಾಗಕ್ಕೂ ಬಿಸಿ ತಲುಪಿ ಒಂದೇ ಸಮ ಬೇಯಲೆಂದು. ಕಾದ ಕಡ್ಡಿಯ ಸುತ್ತ ಬೆಂದ ತೂತಿನ ಒಳಗೋಡೆಗೆ ತೆಳ್ಳನೆಯ ನಯವಾದ ಪೊರೆ ಇರುತ್ತದೆ. ಬೇರೆ ಫೋಮಿಗೆ ಆಮೇಲೆ ಕೊರೆದು ಮಾಡಿದ ತೂತಿನಲ್ಲಿ ಕತ್ತರಿಸಿದ ಗುಳ್ಳೆಗಳು ಬಾಯಿ ತೆರೆದುಕೊಂಡು ಒರಟಾಗಿ ಕಾಣುತ್ತವೆ. ಇದಕ್ಕೆಲ್ಲ ಹೊದಿಕೆಗೆ ಜಿಪ್ ಇರಬೇಕು, ಅದನ್ನು ಸುತ್ತಲೂ ಬಿಚ್ಚಲು ಅಂಗಡಿಯವರು ಬಿಡಬೇಕು. ಹೊಲಿದು ಮುಚ್ಚಿದ ಹಾಸಿಗೆಯಾದರೆ ಸಾಂದ್ರತೆಯನ್ನೂ ನೈಸರ್ಗಿಕ ರಬ್ಬರಿನ ಶೇಕಡಾವಾರನ್ನೂ ಬಿಲ್ಲಿನ ಮೇಲೆ ಬರೆದುಕೊಡಿ ಎನ್ನಿ. ಅದಕ್ಕೂ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗುವುದೇ ಸರಿ.