ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತ ಕೊಲೆಗಾರ

ಮೊದಲೇ ಹೇಳಿಬಿಡ್ತೀನಿ, ಈ ಬರಹದಲ್ಲಿ ಕಳ್ಳ ಯಾರು, ಕೊಲೆಗಾರ ಯಾರು ಎಲ್ಲಾ ಬಯಲಾಗುತ್ತೆ. ಕಾದಂಬರಿ ಬಂದು 150 ವರ್ಷದ ಮೇಲಾಯ್ತು, ಆದರೂ ಹೇಳೋದು ಧರ್ಮ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಓದಬೇಕು ಅಂತ ಎತ್ತಿಟ್ಟುಕೊಂಡಿದ್ದರೆ, ಇಲ್ಲಿಗೇ ನಿಲ್ಲಿಸಿ, ಓದಿ ಮುಗಿಸಿ ಬನ್ನಿ.

ನಾನು ಇದನ್ನು ಮೊದಲು ಓದಿದ್ದು ಇಂಗ್ಲೆಂಡಿನಲ್ಲಿ ಮಾಸ್ಟರ್ಸ್ ಮಾಡುವಾಗ. ಶುರುವಿನ ಕೆಲವು ಪುಟ ಹಾರಿಸಿಬಿಟ್ಟೆ. ‘ಪ್ರೋಲಾಗ್’ ಅಂತಿತ್ತು, ಏನೋ ಯುದ್ಧ, ‘ಸೆರಿಂಗಪಟಾಮ್’ ಅನ್ನೋ ಯಾವುದೋ ಊರು. ನನಗೆ ಬೇಕಿದ್ದದ್ದು ಕಳ್ಳತನ ಮತ್ತು ಪತ್ತೇದಾರ. ಮೈಸೂರಲ್ಲಿ ಬೆಳೆದು, ಬೆಂಗಳೂರು ಬಸ್ಸಿನ ಕಿಟಕಿಯಿಂದ ಲೆಕ್ಕವಿಲ್ಲದಷ್ಟು ಸಲ ಶ್ರೀರಂಗಪಟ್ಟಣ ದಾಟಿದವನಿಗೆ, ಅದೇ ಊರು ಇದು ಅಂತ ಹೊಳೆಯಲೇ ಇಲ್ಲ.

ಪ್ರೋಲಾಗ್ ಬಿಟ್ಟರೆ ಕಥೆ ಹೀಗೆ. 1848ರ ಜೂನ್ 21, ಯಾರ್ಕ್‌ಷೈರಿನ ಒಂದು ದೊಡ್ಡ ಮನೆ. ರೇಚಲ್ ವೆರಿಂಡರ್‌ಗೆ ಹದಿನೆಂಟು ತುಂಬಿದ ದಿನ. ಸತ್ತುಹೋದ ಸೋದರಮಾವ ಉಯಿಲಿನಲ್ಲಿ ಬಿಟ್ಟುಹೋದ ದೊಡ್ಡ ಹಳದಿ ವಜ್ರ ಅವಳ ಕೈಗೆ ಬರುತ್ತೆ. ಬೆಳಗಾಗುವಷ್ಟರಲ್ಲಿ ಮಾಯ. ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಗುಲಾಬಿ ಗಿಡದ ಹುಚ್ಚು ಇರುವ, ಬಡಕಲು ದೇಹದ, ಬಹಳ ಚುರುಕಾದ ಪತ್ತೇದಾರ. ಮುಂದೆ ಬಂದ ಎಷ್ಟೋ ಪತ್ತೇದಾರರ ತಾತ ಇವನು. ಆದರೆ ಅವನ ಊಹೆ ತಪ್ಪಾಗುತ್ತೆ. ವಜ್ರವನ್ನು ರೇಚಲ್ಲೇ ಮುಚ್ಚಿಟ್ಟಿದ್ದಾಳೆ ಅಂತಾನೆ.

ನಿಜಕ್ಕೂ ವಜ್ರ ತೆಗೆದವನು ಅವಳನ್ನು ಪ್ರೀತಿಸುವ ಫ್ರಾಂಕ್ಲಿನ್ ಬ್ಲೇಕ್. ಅದೂ ಅವನಿಗೇ ಗೊತ್ತಿಲ್ಲದೆ! ಡಾಕ್ಟರೊಬ್ಬ ಗುಟ್ಟಾಗಿ ಕುಡಿಸಿದ ಅಫೀಮಿನ ಮಂಪರಿನಲ್ಲಿ. ಅವನ ಕೈಯಿಂದ ಅದು ಹೋಗಿದ್ದು ಗಾಡ್‌ಫ್ರೀ ಏಬಲ್‌ವೈಟ್ ಕೈಗೆ. ಹೆಂಗಸರ ಧರ್ಮಸಂಸ್ಥೆಗಳ ಕಣ್ಮಣಿ, ಭಾಷಣಕಾರ, ಸಭ್ಯಸ್ಥ. ಒಳಗೆ ನೋಡಿದರೆ ಬೇರೊಬ್ಬ ಹುಡುಗನಿಗೆ ಸೇರಬೇಕಾದ ಇಪ್ಪತ್ತು ಸಾವಿರ ಪೌಂಡ್ ನುಂಗಿ, ಊರಾಚೆ ಒಂದು ಗುಟ್ಟಿನ ಸಂಸಾರ ಸಾಕುತ್ತಿದ್ದವನು. ಕೊನೆಗೆ ಲಂಡನ್ನಿನ ಒಂದು ಹೋಟೆಲಿನಲ್ಲಿ, ಕಪ್ಪು ಗಡ್ಡದ ಕಂದು ಮೈಬಣ್ಣದ ನಾವಿಕನ ವೇಷದಲ್ಲಿ ಅವನ ಹೆಣ ಸಿಗುತ್ತೆ. ಕಫ್ ಗಡ್ಡ ಕೀಳುತ್ತಾನೆ, ಮುಖದ ಬಣ್ಣ ತೊಳೆಯುತ್ತಾನೆ.

ಆ ಪುಟ ಓದುವಾಗ ಪುಳಕ ಆಯ್ತು, ಸುಳ್ಳು ಹೇಳಲ್ಲ. ಆದರೆ ಖಳನಾಯಕನಾಗಿ ಗಾಡ್‌ಫ್ರೀ ಸಪ್ಪೆ. ಅವನ ಸಾಲ, ಅವನ ಗುಟ್ಟು ಎಲ್ಲಾ ಕಫ್‌ನ ಒಂದು ವರದಿಯಲ್ಲಿ ಗಡಿಬಿಡಿಯಿಂದ ಮುಗಿದುಹೋಗುತ್ತೆ. ಇಷ್ಟು ದಪ್ಪ ಪುಸ್ತಕಕ್ಕೆ ಇಷ್ಟೇನಾ ಅನಿಸಿತ್ತು.

ಕಳೆದ ವರ್ಷ ಪಾಡ್‌ಕಾಸ್ಟಿಗೆ ಅಂತ ಮತ್ತೆ ಓದಿದಾಗ ಹಾರಿಸಿದ್ದ ಪುಟಗಳನ್ನೂ ಓದಿದೆ. 1799ರ ಮೇ 4. ಜನರಲ್ ಬೇರ್ಡ್‌ನ ಸೈನ್ಯ ಕೋಟೆಗೆ ನುಗ್ಗಿದೆ, ಟಿಪ್ಪು ಸತ್ತಿದ್ದಾನೆ, ಲೂಟಿ ನಡೀತಾ ಇದೆ. ಇಷ್ಟು ಚರಿತ್ರೆ. ಮುಂದಿನದು ಕಾಲಿನ್ಸ್ ಕಟ್ಟಿದ್ದು. ಅರಮನೆಯ ಶಸ್ತ್ರಾಗಾರದ ಬಾಗಿಲಿಗೆ ಅಡ್ಡಲಾಗಿ ಇಬ್ಬರು ಭಾರತೀಯರ ಹೆಣ. ಒಳಗೆ ಮೂರನೆಯವನು ಕುಸಿಯುತ್ತಿದ್ದಾನೆ. ಎದುರಿಗೆ ಜಾನ್ ಹರ್ನ್‌ಕಾಸಲ್, ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕಠಾರಿಯ ಹಿಡಿಯ ತುದಿಯಲ್ಲಿ ಆ ವಜ್ರ. ಸಾಯುವವನು ಶಾಪ ಹಾಕಿ ಸಾಯುತ್ತಾನೆ.

ಅಂದ್ರೆ ಕೊಲೆಗಾರನನ್ನು ಲೇಖಕ ಬಚ್ಚಿಟ್ಟೇ ಇಲ್ಲ. ಶುರುವಿನಲ್ಲೇ, ಕೈಯಲ್ಲಿ ಪಂಜು ಕೊಟ್ಟು ನಿಲ್ಲಿಸಿದ್ದಾನೆ. ಬಚ್ಚಿಟ್ಟವರು ಮನೆಯವರು. ಇದನ್ನು ಕಂಡವನು ಹರ್ನ್‌ಕಾಸಲ್‌ನ ದಾಯಾದಿ. ತಿವಿದದ್ದನ್ನು ಕಣ್ಣಾರೆ ಕಂಡಿಲ್ಲ, ಸಾಕ್ಷಿ ಇಲ್ಲ ಅಂತ ಸುಮ್ಮನಾಗುತ್ತಾನೆ. ತನ್ನ ಮನೆಯವರಿಗೆ ಮಾತ್ರ ಒಂದು ಕಾಗದ ಬರೆದಿಡುತ್ತಾನೆ. ಹರ್ನ್‌ಕಾಸಲ್ ಇಂಗ್ಲೆಂಡಿಗೆ ಮರಳಿದ ಮೇಲೆ ಸ್ವಂತ ತಂಗಿಯೂ ಬಾಗಿಲು ತೆರೆಯಲ್ಲ. ಮೂರು ಜೀವಕ್ಕೆ ಸಿಕ್ಕ ಶಿಕ್ಷೆ ಅಷ್ಟೇ: ಹುಟ್ಟುಹಬ್ಬಕ್ಕೆ ಒಳಗೆ ಕರೆಯಲಿಲ್ಲ.

ನನ್ನ ಕೆಲಸದಲ್ಲಿ ಇಂಥ ತಪ್ಪು ಆಗಾಗ ಕಾಣುತ್ತೆ. ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಡೇಟಾ ಯಾವ ತಾರೀಖಿನಿಂದ ತಗೊಂಡ್ರಿ ಅನ್ನೋದೇ ಅರ್ಧ ಉತ್ತರವನ್ನು ತೀರ್ಮಾನ ಮಾಡಿರುತ್ತೆ. ಕಫ್‌ನ ತನಿಖೆ ಶುರುವಾಗೋದು ಜೂನ್ 21ರ ರಾತ್ರಿಯಿಂದ. ವಜ್ರ ರೇಚಲ್‌ಳದ್ದು ಅನ್ನೋದನ್ನು ಅವನು ಪ್ರಶ್ನಿಸುವುದೇ ಇಲ್ಲ. ಅದನ್ನು ಹುಡುಕಿಕೊಂಡು ಬಂದ ಮೂವರು ಬ್ರಾಹ್ಮಣರು ಊರವರ ಕಣ್ಣಿಗೆ ಕಳ್ಳರು.

ಕಾಲಿನ್ಸ್‌ಗೆ ಇದು ಗೊತ್ತಿತ್ತಾ? ಗೊತ್ತಿತ್ತು ಅಂತಲೇ ನನ್ನ ವಾದ. ಕಾದಂಬರಿ ಡಿಕನ್ಸ್‌ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1868ರಲ್ಲಿ. 1857ರ ದಂಗೆಯ ಸಿಟ್ಟು ಅಲ್ಲಿ ಇನ್ನೂ ಆರಿರದ ಕಾಲ. ಅಂಥಾ ಓದುಗರ ಮುಂದೆ ಕಾಲಿನ್ಸ್ ಗಾಡ್‌ಫ್ರೀಯನ್ನು ಕೊಂದ ಆ ಮೂವರನ್ನು ಹಿಡಿಸಿಕೊಡಲ್ಲ. ಹಡಗು ಹತ್ತಿಸಿ ಕಳಿಸುತ್ತಾನೆ, ವಜ್ರ ಸೋಮನಾಥದ ಚಂದ್ರದೇವನ ಹಣೆಗೆ ಮರಳುತ್ತೆ. ಕಳ್ಳ ಇಂಗ್ಲಿಷಿನವನಿಗೆ ಕಂದು ಬಣ್ಣ ಬಳಿದು, ಆಮೇಲೆ ಎಲ್ಲರ ಎದುರು ತೊಳೆಸುತ್ತಾನಲ್ಲ, ಅದೇನು ಸುಮ್ಮನೆ ಬರೆದದ್ದಾ?

ಹಾಗಂತ ಅವನನ್ನು ತಲೆ ಮೇಲೆ ಹೊತ್ತುಕೊಳ್ಳೋದೂ ಬೇಡ. ಕಥೆ ಹೇಳೋಕೆ ಹತ್ತಕ್ಕೂ ಹೆಚ್ಚು ಮಂದಿ ಸರದಿಯಲ್ಲಿ ಬರುತ್ತಾರೆ, ಅವರಲ್ಲಿ ಒಬ್ಬ ಭಾರತೀಯನೂ ಇಲ್ಲ. ಹತ್ತಿರ ಬರುವವನು ಎಜ್ರಾ ಜೆನ್ನಿಂಗ್ಸ್. ಯಾವುದೋ ವಸಾಹತಿನಲ್ಲಿ ಹುಟ್ಟಿದವನು. ಅಪ್ಪ ಇಂಗ್ಲಿಷಿನವನು ಅಂತ ಹೇಳಿ, ಅಮ್ಮನ ವಿಷಯಕ್ಕೆ ಬಂದಾಗ ಮಾತು ಅರ್ಧಕ್ಕೇ ನಿಲ್ಲಿಸುತ್ತಾನೆ. ಅಫೀಮಿನ ಗಂಟು ಬಿಡಿಸುವವನು ಅವನೇ. ಸತ್ತಾಗ ತನ್ನ ಕಾಗದಪತ್ರಗಳನ್ನೂ ಜೊತೆಗೇ ಹೂಳಿಸಿಕೊಳ್ಳುತ್ತಾನೆ. ಶಸ್ತ್ರಾಗಾರದ ಬಾಗಿಲಲ್ಲಿ ಬಿದ್ದಿದ್ದ ಇಬ್ಬರಿಗಂತೂ ಕೊನೆಯ ಪುಟದವರೆಗೂ ಹೆಸರೇ ಇಲ್ಲ.

ಹಕ್ಕುಸ್ವಾಮ್ಯ ಮುಗಿದಿರೋದ್ರಿಂದ ಪುಸ್ತಕ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತೆ. ದಪ್ಪಗಿದೆ ಅಂತ ಹೆದರಬೇಡಿ, ಮಿಸ್ ಕ್ಲ್ಯಾಕ್ ಹೇಳೋ ಭಾಗ ನಗಿಸಿ ನಗಿಸಿ ಮುಂದಕ್ಕೆ ತಳ್ಳುತ್ತೆ. ಪ್ರೋಲಾಗ್ ಕೆಲವೇ ಪುಟ. ನನ್ನ ಹಾಗೆ ಹಾರಿಸಬೇಡಿ.