ಜೋಡಿ ತಂತಿಯ ನಾದ

ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಲು ಕುಳಿತವನು ಎಷ್ಟೇ ಸೂಕ್ಷ್ಮವಾದ ಕಿವಿಯುಳ್ಳವನಾಗಿರಲಿ, ಅವುಗಳ ನಡುವೆ ಕೂದಲೆಳೆಯಷ್ಟಾದರೂ ಅಂತರ ಉಳಿದೇ ತೀರುತ್ತದೆ. ಒಂದು ತಂತಿ ಸೆಕೆಂಡಿಗೆ 440 ಸಲವೂ ಅದರ ಜೊತೆಯದು 442 ಸಲವೂ ಕಂಪಿಸಿದರೆ, ಕೇಳುವವನಿಗೆ ಅವು ಎರಡು ಸ್ವರಗಳಾಗಿ ತೋರದೆ, ಸೆಕೆಂಡಿಗೆ ಎರಡಾವೃತ್ತಿ ಉಬ್ಬಿ ಇಳಿಯುವ ಒಂದೇ ಸ್ವರವಾಗಿ ತೋರುತ್ತವೆ. ತಂಬೂರಿಯ ನಡುವಣ ಎರಡು ಷಡ್ಜದ ತಂತಿಗಳನ್ನು ಕೂಡಿಸಿ ಬಲ್ಲವರಿಗೆ ಈ ಅಲೆ ಹೊಸದಲ್ಲ. ಆದರೆ ತಂಬೂರಿಯವನು ಅದನ್ನು ಅಡಗಿಸಲು ಶ್ರಮಿಸುತ್ತಾನೆ. ಹನ್ನೆರಡು ತಂತಿಯ ಗಿಟಾರಿನ ಮೋಹವೆಲ್ಲವೂ ಅದು ಅಡಗದೆ ಉಳಿಯುವುದರಲ್ಲಿದೆ.

ಈ ವಾದ್ಯದಲ್ಲಿ ತಂತಿಗಳು ಆರು ಜೋಡಿಗಳಾಗಿ ನಿಂತಿರುತ್ತವೆ. ಮಂದ್ರದ ಕಡೆಯ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಮಗ್ಗುಲಲ್ಲಿಯೇ ಒಂದು ಸ್ಥಾಯಿ ಮೇಲಿನ ತೆಳು ತಂತಿಯನ್ನು ಕಟ್ಟುತ್ತಾರೆ. ಉಳಿದೆರಡು ಜೋಡಿಗಳು ಸಮಶ್ರುತಿಯವು. ಇಲ್ಲೊಂದು ವಿಚಿತ್ರವುಂಟು. ವಾದ್ಯದ ಅತ್ಯಂತ ಎತ್ತರದ ಸ್ವರವು, ನಾವು ಊಹಿಸುವಂತೆ, ಅಂಚಿನ ತಂತಿಯಲ್ಲಿಲ್ಲ; ಅದು ನಡುವಣ ಜಿ ಜೋಡಿಯ ತೆಳು ತಂತಿಯಲ್ಲಿ ಅಡಗಿದೆ. ಆದಕಾರಣ, ಸಾಧಾರಣ ಗಿಟಾರಿನಲ್ಲಿ ಸ್ವರಮೇಳದ ಗರ್ಭದಲ್ಲಿಯೇ ಹುದುಗಿಹೋಗುವ ಒಂದು ಸ್ವರ ಇಲ್ಲಿ ಎಲ್ಲಕ್ಕಿಂತ ಮೇಲೆದ್ದು ಮಿಂಚುತ್ತದೆ. ವಾದಕನು ಬಯಸದ ಕಡೆಯಲ್ಲಿಯೂ ಕಿವಿ ಒಂದು ರಾಗದ ಎಳೆಯನ್ನು ಹಿಡಿದುಕೊಳ್ಳುತ್ತದೆ.

ರಾಕ್ ಸಂಗೀತವು ಈ ವಾದ್ಯವನ್ನು ಸೃಷ್ಟಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ‘ಸ್ಟೆಲ್ಲಾ’ ಎಂಬ ಹೆಸರಿನ ಅಗ್ಗದ ಗಿಟಾರುಗಳ ರೂಪದಲ್ಲಿ ಅದು ಅಮೆರಿಕದ ದಕ್ಷಿಣ ಪ್ರಾಂತಗಳ ಕಪ್ಪು ಗಾಯಕರ ಕೈಸೇರಿತು. ಅಟ್ಲಾಂಟಾದ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್, ಲೂಸಿಯಾನಾದ ಲೆಡ್ ಬೆಲ್ಲಿ ಮೊದಲಾದವರು ಅದನ್ನು ಬೀದಿಯಲ್ಲಿ, ಕುಣಿತದ ಮನೆಗಳಲ್ಲಿ ನುಡಿಸಿದರು. ಒಬ್ಬನೇ ಹಾಡಿ ಒಬ್ಬನೇ ಬಾರಿಸಬೇಕಾದವನಿಗೆ ಒಂದು ವಾದ್ಯದಲ್ಲಿ ಎರಡು ವಾದ್ಯದ ಗದ್ದಲ ದೊರೆಯುವುದೆಂದರೆ ಸಣ್ಣ ಲಾಭವಲ್ಲ. ಲೆಡ್ ಬೆಲ್ಲಿಯಂತೂ ಶ್ರುತಿಯನ್ನು ಬಹಳ ತಗ್ಗಿಸಿ, ಪಿಯಾನೋದ ಎಡಗೈಯನ್ನು ನೆನಪಿಸುವಂತೆ ಮಂದ್ರದಲ್ಲಿ ಗುಡುಗಿಸಿದನು. ಅಲ್ಲಿ ಈ ನಾದಕ್ಕೆ ಬಲವಿತ್ತು. ಆಮೇಲೆ ಅದಕ್ಕೆ ಬಂದ ಹೊಳಪು ಇನ್ನೂ ಬಂದಿರಲಿಲ್ಲ.

ಆ ಹೊಳಪು ವಿದ್ಯುತ್ತಿನಿಂದ ಬಂತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ನ್ಯೂಯಾರ್ಕಿಗೆ ಬಂದಾಗ, ರಿಕನ್‌ಬ್ಯಾಕರ್ ಕಾರ್ಖಾನೆಯ ಒಡೆಯ ಫ್ರಾನ್ಸಿಸ್ ಹಾಲ್ ಹೊಸದಾಗಿ ತಯಾರಿಸಿದ ಹನ್ನೆರಡು ತಂತಿಯ ವಿದ್ಯುತ್ ಗಿಟಾರೊಂದನ್ನು ಅವರಿಗೆ ತೋರಿಸಿದನು. ಗಂಟಲು ಕೆಟ್ಟು ಹೋಟೆಲಿನ ಕೋಣೆಯಲ್ಲಿ ಮಲಗಿದ್ದ ಜಾರ್ಜ್ ಹ್ಯಾರಿಸನ್ನನ ಬಳಿಗೆ ಆ ವಾದ್ಯವೇ ನಡೆದುಹೋಯಿತು. ಹನ್ನೆರಡು ಬಿರಡೆಗಳಲ್ಲಿ ಆರನ್ನು ಪಕ್ಕಕ್ಕೂ ಆರನ್ನು ಹಿಂದಕ್ಕೂ ತಿರುಗಿಸಿದ್ದರಿಂದ ಅದರ ತಲೆ ಸಾಧಾರಣ ಗಿಟಾರಿನಷ್ಟೇ ಚಿಕ್ಕದಾಗಿತ್ತು. ರೂಢಿಗೆ ವಿರುದ್ಧವಾಗಿ, ಕೈ ಮೇಲಿನಿಂದ ಕೆಳಕ್ಕೆ ಬರುವಾಗ ದಪ್ಪ ತಂತಿ ಮೊದಲು ನುಡಿದು ತೆಳುವಾದುದು ಅದರ ನೆರಳಿನಂತೆ ಹಿಂಬಾಲಿಸುತ್ತಿತ್ತು. ಅದೇ ವರ್ಷದ ‘ಎ ಹಾರ್ಡ್ ಡೇಸ್ ನೈಟ್’ ಗೀತೆಯ ಆರಂಭದಲ್ಲಿ ಒಮ್ಮೆಗೇ ಬಡಿದು ನಿಲ್ಲುವ ಆ ಸ್ವರಮೇಳದಲ್ಲಿ ಯಾವ ಯಾವ ಸ್ವರಗಳಿವೆಯೆಂದು ಪಂಡಿತರು ದಶಕಗಳ ಕಾಲ ಜಗಳವಾಡಿದ್ದಾರೆ. ಒಂದೇ ಏಟಿನಲ್ಲಿ ಗಿಟಾರು, ಪಿಯಾನೋ, ಬೇಸ್ ಎಲ್ಲವೂ ಬೆರೆತಿರುವುದರಿಂದ ಜಗಳ ಸಹಜವೇ. ನನಗೆ ಆ ಚರ್ಚೆಗಿಂತ ಗೀತೆಯ ಕೊನೆ ಪ್ರಿಯ: ಅಲ್ಲಿ ಅದೇ ಮೇಳವನ್ನು ಒಂದೊಂದೇ ತಂತಿಯಾಗಿ ಬಿಡಿಸಿ ನುಡಿಸುತ್ತ ನಾದ ಮೆಲ್ಲನೆ ದೂರವಾಗುತ್ತದೆ, ಮುಂದೆ ಒಂದು ಸಂಪ್ರದಾಯವೇ ಆಗಲಿದ್ದುದರ ಬೀಜ ಆ ಕೆಲವು ಕ್ಷಣಗಳಲ್ಲಿದೆ.

ಆ ಬೀಜವನ್ನು ಬೆಳೆಸಿದವನು ಬರ್ಡ್ಸ್ ತಂಡದ ರಾಜರ್ ಮೆಗ್ವಿನ್. ಶಿಕಾಗೋದ ಜಾನಪದ ಸಂಗೀತದ ಶಾಲೆಯಲ್ಲಿ ಬ್ಯಾಂಜೋ ಕಲಿತಿದ್ದ ಆತ, ಬೀಟಲ್ಸರ ಚಲಚ್ಚಿತ್ರವನ್ನು ನೋಡಿ ಅಂಥದೇ ಗಿಟಾರನ್ನು ಕೊಂಡನು. ಬ್ಯಾಂಜೋದ ಬೆರಳುಗಾರಿಕೆಯನ್ನು ಅದರ ಮೇಲೆ ಹೂಡಿದನು. 1965ರ ಜನವರಿಯಲ್ಲಿ ಧ್ವನಿಮುದ್ರಿತವಾದ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಬಾಬ್ ಡಿಲನ್ನನ ಕೃತಿ. ಅದರ ನಾಲ್ಕು ಚರಣಗಳಲ್ಲಿ ಇವರು ಉಳಿಸಿಕೊಂಡದ್ದು ಒಂದನ್ನೇ. ಕವಿಗೆ ಇದು ಅಪಚಾರವೆಂದು ಹೇಳುವವರಿರಬಹುದು. ಆದರೆ ಬಿಟ್ಟ ಮಾತುಗಳ ಜಾಗವನ್ನು ಗಿಟಾರು ತುಂಬಿದೆಯೆಂಬುದನ್ನು ಕೇಳಿದವರಾರೂ ಅಲ್ಲಗಳೆಯಲಾರರು. ಇದರ ಗುಟ್ಟು ತಂತಿಗಳಲ್ಲಿ ಮಾತ್ರ ಇರಲಿಲ್ಲ. ರಿಕನ್‌ಬ್ಯಾಕರಿನ ನಾದ ಸ್ವಭಾವತಃ ಹುಟ್ಟಿದೊಡನೆ ಕುಸಿಯುವಂಥದು. ಧ್ವನಿಮುದ್ರಣಶಾಲೆಯ ಯಂತ್ರಜ್ಞನು ಕಂಪ್ರೆಸರ್ ಎಂಬ ಉಪಕರಣದಿಂದ ಅದರ ಏರನ್ನು ತುಳಿದು, ಇಳಿತವನ್ನು ಎತ್ತಿಹಿಡಿದುದರಿಂದ, ಒಂದು ಸ್ವರ ಸಾಯುವ ಮೊದಲೇ ಮುಂದಿನದು ಬಂದು ಸೇರುವ ಅವಿಚ್ಛಿನ್ನವಾದ ಝಣತ್ಕಾರ ಸಿದ್ಧಿಸಿತು. ಆ ವರ್ಷದ ಕೊನೆಯಲ್ಲಿ ಹ್ಯಾರಿಸನ್ ಬರೆದ ‘ಇಫ್ ಐ ನೀಡೆಡ್ ಸಮ್‌ವನ್’ ಈ ಶಿಷ್ಯನಿಂದ ಗುರುವು ಮರಳಿ ಪಡೆದ ಸಾಲ.

ನಮ್ಮ ದೇಶಕ್ಕೂ ಇಲ್ಲಿ ಒಂದು ಕೊಂಡಿಯುಂಟು. ಬರ್ಡ್ಸ್‌ನವರು ರವಿಶಂಕರರ ಸಿತಾರನ್ನು ಬಲ್ಲವರಾಗಿದ್ದರು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲಿಸಿನಲ್ಲಿ ಹ್ಯಾರಿಸನ್ನನಿಗೆ ಆ ಹೆಸರನ್ನು ಒತ್ತಿ ಹೇಳಿದವರೂ ಅವರೇ. ಮರುವರ್ಷದ ‘ಏಯ್ಟ್ ಮೈಲ್ಸ್ ಹೈ’ ಗೀತೆಯಲ್ಲಿ ಮೆಗ್ವಿನ್ ಜಾಝ್ ವಾದಕ ಜಾನ್ ಕೋಲ್ಟ್ರೇನನ ‘ಇಂಡಿಯಾ’ ಎಂಬ ರಚನೆಯ ಒಂದು ಸ್ವರಗುಚ್ಛವನ್ನು ತೆಗೆದುಕೊಂಡು ಸ್ಯಾಕ್ಸೊಫೋನಿನ ಉಸಿರನ್ನು ತಂತಿಯ ಮೇಲೆ ತರಲು ಹೊರಟನು. ಈ ಸಾಹಸ ಪೂರ್ಣವಾಗಿ ಫಲಿಸಿತೆನ್ನಲಾರೆ. ಸ್ವರಗಳು ಒಂದನ್ನೊಂದು ನೂಕಿಕೊಂಡು ಬರುತ್ತವೆ, ಕೆಲವೆಡೆ ಮುಗ್ಗರಿಸುತ್ತವೆ. ಆದರೂ ಇಡೀ ಪಂಥದಲ್ಲಿ ಇದಕ್ಕಿಂತ ಜೀವಂತವಾದ ವಾದನವನ್ನು ನಾನು ಕೇಳಿಲ್ಲ.

ಮುಗ್ಗರಿಸುವುದಕ್ಕೆ ಕಾರಣವುಂಟು. ರಾಕ್ ಗಿಟಾರಿನ ಅಹಂಕಾರವೆಲ್ಲ ತಂತಿಯನ್ನು ಎಳೆದು ಸ್ವರವನ್ನು ಅಳುವಂತೆ ಮಾಡುವುದರಲ್ಲಿದೆ. ಜೋಡಿ ತಂತಿಗಳನ್ನು ಎಳೆದರೆ ಎರಡೂ ಸಮನಾಗಿ ಏರುವುದಿಲ್ಲ, ಅಳು ಅಪಸ್ವರವಾಗುತ್ತದೆ. ಹೀಗಾಗಿ ಈ ವಾದ್ಯವು ವ್ಯಕ್ತಿಯನ್ನು ಮರೆಸಿ ವೃಂದವನ್ನು ಮೆರೆಸುತ್ತದೆ. ತಾರೆಗಳ ಆರಾಧನೆಯಿಂದಲೇ ಬದುಕಿದ ಸಂಗೀತದಲ್ಲಿ ಇದು ಒಂದು ಬಗೆಯ ಭಿನ್ನಮತ.

ಎಪ್ಪತ್ತರ ದಶಕದವರು ಈ ಭಿನ್ನಮತವನ್ನು ಒಪ್ಪಲೂ ಆರದೆ, ಬಿಡಲೂ ಆರದೆ, ಒಂದರಲ್ಲಿ ಆರು, ಇನ್ನೊಂದರಲ್ಲಿ ಹನ್ನೆರಡು ತಂತಿಗಳುಳ್ಳ ಎರಡು ಕುತ್ತಿಗೆಯ ಗಿಟಾರನ್ನು ಹೆಗಲಿಗೇರಿಸಿಕೊಂಡರು. ‘ಸ್ಟೇರ್‌ವೇ ಟು ಹೆವನ್’ ಗೀತೆಯನ್ನು ರಂಗದ ಮೇಲೆ ನುಡಿಸಲು ಜಿಮ್ಮಿ ಪೇಜನಿಗೆ ವಾದ್ಯ ಬದಲಿಸುವ ಪುರಸೊತ್ತಿರಲಿಲ್ಲ. ಆದ್ದರಿಂದ ಅಲ್ಲಿ ಅದು ಅವಶ್ಯಕತೆ. ಅವನ ಹಿಂದೆ ಬಂದ ಹಲವರಲ್ಲಿ ಅದು ಬರಿಯ ವೇಷ. ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಆರಂಭವನ್ನು ಮಾತ್ರ ಈ ಆಕ್ಷೇಪದಿಂದ ಹೊರಗಿಡುತ್ತೇನೆ: ಏಳನೆಯ ಮೆಟ್ಟಿಲಿಗೆ ಕೇಪೋ ಎಂಬ ಹಿಡಿಕೆಯನ್ನು ಬಿಗಿದುದರಿಂದ ತಂತಿಯ ಉದ್ದ ಕುಗ್ಗಿ, ಗಿಟಾರು ಮ್ಯಾಂಡೊಲಿನ್ನಿಗೆ ಹತ್ತಿರವಾಗುತ್ತದೆ, ಆ ಗೀತೆಯ ಒಣ ಮರುಭೂಮಿಯ ಗಾಳಿ ಅಲ್ಲಿಂದಲೇ ಬೀಸುತ್ತದೆ. ಜೆನೆಸಿಸ್ ತಂಡದವರು ಹಲವು ಹನ್ನೆರಡು ತಂತಿಗಳನ್ನು ಒಟ್ಟಿಗೆ ಹೆಣೆದದ್ದು ಸುಂದರ, ಆದರೆ ದೀರ್ಘ.

1976ರಲ್ಲಿ ಬಂದ ಬಾಸ್ ಕಂಪನಿಯ ಕೋರಸ್ ಪೆಟ್ಟಿಗೆ, ಮತ್ತು ಅದರ ಸಂತತಿ, ಆರು ತಂತಿಯ ಗಿಟಾರಿಗೂ ಜೋಡಿತನದ ಭ್ರಮೆಯನ್ನು ಅಗ್ಗವಾಗಿ ಕೊಟ್ಟವು. ಯಂತ್ರದ ಅಲೆಗೆ ಗಡಿಯಾರದ ನಿಯಮವುಂಟು. ತಂತಿಯ ಅಲೆ ಪ್ರತಿ ಜೋಡಿಗೂ ಬೇರೆ, ಪ್ರತಿ ನಿಮಿಷಕ್ಕೂ ಬೇರೆ. ಎಂಬತ್ತರ ದಶಕದ ಆರ್‌ಇಎಂ ತಂಡದ ಪೀಟರ್ ಬಕ್ ಇದಕ್ಕಿಂತ ಜಾಣ: ಬಹುಪಾಲು ಆರು ತಂತಿಯ ರಿಕನ್‌ಬ್ಯಾಕರಿನಲ್ಲಿಯೇ, ತೆರೆದ ತಂತಿಗಳನ್ನು ಬಿಡಿಸಿ ನುಡಿಸುವ ಕ್ರಮದಿಂದಲೇ, ಕೇಳುವವರು ಹನ್ನೆರಡೆಂದು ನಂಬುವಂತೆ ಮಾಡಿದನು.

ಗೆಳೆಯರೊಬ್ಬರ ಮನೆಯಲ್ಲಿ ಒಮ್ಮೆ ಈ ವಾದ್ಯವನ್ನು ಕೂಡಿಸುವುದನ್ನು ಹತ್ತಿರದಿಂದ ಕಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಹನ್ನೊಂದು ತಂತಿಗಳು ಕೂಡಿ, ಜಿ ಜೋಡಿಯ ತೆಳು ತಂತಿಯ ಬಿರಡೆಯನ್ನು ಇನ್ನೊಂದಿಷ್ಟೇ ತಿರುಗಿಸುವಷ್ಟರಲ್ಲಿ ಅದು ಟಿಣ್ಣೆಂದು ಹರಿದು ಅವರ ಮಣಿಕಟ್ಟಿಗೆ ಬಡಿಯಿತು. ಬೇರೆ ತಂತಿ ಮನೆಯಲ್ಲಿರಲಿಲ್ಲ. ಹನ್ನೊಂದರಲ್ಲಿಯೇ ನುಡಿಸಿ ಎಂದೆ. ಅವರು ಒಂದು ಮೇಳವನ್ನು ಬಾರಿಸಿದರು. ದೊಡ್ಡದೊಂದು ಗಿಟಾರು ಕೇಳಿಸಿತು, ಅಷ್ಟೆ. ಅವರು ನಕ್ಕು ಅದನ್ನು ಪೆಟ್ಟಿಗೆಯಲ್ಲಿಟ್ಟರು.